ಕೊನೆಯ ಸುತ್ತಿನ ಬಲ

ಆಶ್ಲೇಷಾ ಮಳೆ ಜಡಿಯುತ್ತಿದ್ದ ಒಂದು ಮಧ್ಯಾಹ್ನ, ಸಕಲೇಶಪುರದ ಆಚೆ ಗೆಳೆಯನ ಕಾಫಿ ತೋಟದ ಏರಿನಲ್ಲಿ ಅವನ ಗಾಡಿ ಹೂತುಕೊಂಡಿತು. ನಾಲ್ಕೂ ಗಾಲಿ ಅರ್ಧದವರೆಗೆ ಕೆಸರಿನಲ್ಲಿ. ಗೆಳೆಯನಿಗೆ ಒಳಗೊಳಗೇ ಖುಷಿ. ಹೊಸ ವಿಂಚ್ ಹಾಕಿಸಿ ಮೂರು ತಿಂಗಳಾಗಿತ್ತು, ಬಳಸುವ ಭಾಗ್ಯ ಒದಗಿರಲಿಲ್ಲ. ಡಬ್ಬದ ಮೇಲೆ 9500 ಪೌಂಡ್ ಎಂದು ದಪ್ಪಕ್ಷರದಲ್ಲಿತ್ತು. ಅಂದರೆ 4309 ಕೆ.ಜಿ. ಗಾಡಿ ತೂಗುವುದು ಎರಡು ಟನ್. ಇನ್ನೇನು ಬೇಕು? ಆರು ಮೀಟರ್ ದೂರದ ಸಿಲ್ವರ್ ಓಕ್ ಮರಕ್ಕೆ ಬೆಲ್ಟ್ ಸುತ್ತಲು ಹೋದ.

ಅಷ್ಟರಲ್ಲಿ ತೋಟದ ರೈಟರು ಕೊಡೆ ಹಿಡಿದು ಬಂದರು. "ಸಾರ್, ಆ ಮರ ಬಿಡಿ. ಬಳ್ಳಿ ಹೋಯ್ತು ಅಂದ್ರೆ ಮತ್ತೆ ಮೆಣಸು ನೋಡೋಕೆ ನಾಲ್ಕು ವರ್ಷ ಕಾಯ್ಬೇಕು." ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಯಜಮಾನನ ಕಣ್ಣಿಗೇ ಬಿದ್ದಿರಲಿಲ್ಲ. ಅಷ್ಟೇ ದೂರದಲ್ಲಿದ್ದ ಹಲಸಿನ ಮರದ ಬುಡಕ್ಕೆ ಬೆಲ್ಟ್ ಹೋಯಿತು. ಕೊಕ್ಕೆ ಸಿಕ್ಕಿಸಿ ರಿಮೋಟ್ ಒತ್ತಿದ. ರೋಪ್ ಬಿಗಿಯಾಯಿತು, ಮೋಟರ್ ನರಳಿತು, ಹೆಡ್‌ಲೈಟ್ ಮಂಕಾಯಿತು. ಗಾಡಿ ಒಂದಂಗುಲ ಕದಲಿ ನಿಂತೇಬಿಟ್ಟಿತು. ಮತ್ತೊಮ್ಮೆ ಒತ್ತಿದರೂ ಅಷ್ಟೇ.

ರೈಟರು ಬಗ್ಗಿ ವಿಂಚಿನ ಡ್ರಮ್ ನೋಡಿದರು. "ರೋಪ್ ಎಲ್ಲಾ ಒಳಗೇ ದಪ್ಪಗೆ ಕೂತೈತಲ್ಲ ಸಾರ್, ಎಲ್ಲಿ ಎಳೀತದೆ ಅದು? ಕಪ್ಪಿ ಇಲ್ವಾ?"

ಕಪ್ಪಿ ಇರಲಿಲ್ಲ. ವಿಂಚಿಗೆ ಸುರಿದ ದುಡ್ಡಿನ ಮುಂದೆ ಕಪ್ಪಿಯ ಬೆಲೆ ಏನೇನೂ ಅಲ್ಲ, ಆದರೂ ಇರಲಿಲ್ಲ. ರೈಟರು ಶೆಡ್ಡಿಗೆ ಹೋಗಿ, ಹಿಂದೆ ನಾಟಾ ಎಳೆಯುವಾಗ ಬಳಸುತ್ತಿದ್ದ ಕಬ್ಬಿಣದ ಕಪ್ಪಿಯೊಂದನ್ನು ಹೊತ್ತು ತಂದರು. ಅದರ ಕೆನ್ನೆಯ ಮೇಲೆ ಎಷ್ಟು ಟನ್ ತಾಳುತ್ತದೆಂದು ಕೊರೆದಿದ್ದುದು ಇನ್ನೂ ಓದುವಂತಿತ್ತು; ಓದಿದ ಮೇಲೆಯೇ ಹಾಕಿದೆವು. ರೋಪ್ ಮರದ ಬಳಿ ಕಪ್ಪಿಯನ್ನು ಬಳಸಿ ಹಿಂದಿರುಗಿ ಬಂದು ಗಾಡಿಯ ಚಾಸಿಗೇ ಸಿಕ್ಕಿಕೊಂಡಿತು. ಈ ಸಲ ಮೋಟರ್ ನರಳಲಿಲ್ಲ. ಗಾಡಿ ನಿಧಾನವಾಗಿ, ಎಮ್ಮೆ ಕೆರೆಯಿಂದ ಏಳುವ ಹಾಗೆ ಎದ್ದು ಬಂತು.

ನಾಟಾ ಎಳೆಸಿದ ಅನುಭವ ರೈಟರಿಗಿತ್ತು. ನಮ್ಮ ಬಳಿ ಇದ್ದದ್ದು ಡಬ್ಬದ ಮೇಲಿನ ಅಂಕಿ. ಆ ಅಂಕಿ ಸುಳ್ಳಲ್ಲ. ಆದರೆ ಅದು ಯಾವಾಗ ನಿಜವಾಗುತ್ತದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ವಿಂಚಿನ ಬಲವನ್ನು ಅಳೆಯುವುದು ಡ್ರಮ್ಮಿನ ಮೇಲೆ ಒಂದೇ ಪದರ ರೋಪ್ ಉಳಿದಿರುವಾಗ. ಮೋಟರಿನ ತಿರುಚುವ ಶಕ್ತಿ ಎಷ್ಟಿದೆಯೋ ಅಷ್ಟೇ. ಡ್ರಮ್ ದಪ್ಪವಾದಂತೆ ಅದೇ ಶಕ್ತಿ ಹೆಚ್ಚು ದೂರದ ಅಂಚಿನಲ್ಲಿ ಎಳೆಯಬೇಕಾಗುತ್ತದೆ, ಎಳೆತ ಕುಗ್ಗುತ್ತದೆ. ಲೆಕ್ಕ ಹಾಕಿಯೇ ನೋಡೋಣ. ಈ ವರ್ಗದ ವಿಂಚುಗಳ ಡ್ರಮ್ ಸಾಮಾನ್ಯವಾಗಿ 64 ಮಿ.ಮೀ. ಆಸುಪಾಸು, ರೋಪ್ 9 ಮಿ.ಮೀ. ಎಂದುಕೊಳ್ಳಿ. ಮೊದಲ ಪದರದಲ್ಲಿ 4309 ಕೆ.ಜಿ. ಎಳೆಯುವ ಯಂತ್ರ ಎರಡನೆಯದರಲ್ಲಿ ಸುಮಾರು 3450, ಮೂರನೆಯದರಲ್ಲಿ 2890, ನಾಲ್ಕನೆಯದರಲ್ಲಿ 2480ಕ್ಕೆ ಇಳಿಯುತ್ತದೆ. ಮೊದಲ ಪದರದಲ್ಲಿ ಹಿಡಿಯುವುದು ಆರು ಮೀಟರಿಗಿಂತ ಕಡಿಮೆ ರೋಪ್. ಅಂದರೆ ಒಟ್ಟು 28 ಮೀಟರ್ ರೋಪಿನಲ್ಲಿ ಇಪ್ಪತ್ತೆರಡಕ್ಕೂ ಹೆಚ್ಚು ಮೀಟರ್ ಬಿಚ್ಚಿ, ಅಷ್ಟು ದೂರದ ಮರಕ್ಕೆ ಕಟ್ಟಿದಾಗ ಮಾತ್ರ ಡಬ್ಬದ ಮೇಲಿನ ಅಂಕಿ ನಿಮ್ಮದು. ಕಾಫಿ ತೋಟದಲ್ಲಿ ಇಪ್ಪತ್ತು ಮೀಟರ್ ನೇರಕ್ಕೆ ಗಿಡ ಅಡ್ಡ ಬರದ ದಾರಿ ಎಲ್ಲಿದೆ?

ನಮ್ಮ ಹಲಸಿನ ಮರ ಇದ್ದದ್ದು ಆರು ಮೀಟರಿನಲ್ಲಿ. ಡ್ರಮ್ ಮೇಲೆ 22 ಮೀಟರ್ ಉಳಿದಿತ್ತು, ಅಂದರೆ ನಾಲ್ಕನೆಯ ಪದರ, 2480 ಕೆ.ಜಿ. ಕೆಸರು ಎಷ್ಟು ತಡೆಯುತ್ತದೆ ಎಂಬುದಕ್ಕೆ ಸೈನ್ಯದವರು ಬಳಸುವ ಒರಟು ಸೂತ್ರವೊಂದಿದೆ. ಅಮೆರಿಕದ ಸೇನೆಯ ಕೈಪಿಡಿಗಳು ಹೇಳುವ ಪ್ರಕಾರ ಗಾಲಿಯ ನಡುವಿನವರೆಗೆ ಹೂತರೆ ಗಾಡಿಯ ತೂಕದಷ್ಟೇ ತಡೆ, ಮಡ್‌ಗಾರ್ಡ್ ಮುಟ್ಟುವಷ್ಟು ಹೂತರೆ ಎರಡು ಪಟ್ಟು, ಅದಕ್ಕೂ ಮೇಲೆ ಹೋದರೆ ಮೂರು ಪಟ್ಟು. ಏರು ಇದ್ದರೆ ಪ್ರತಿ ಡಿಗ್ರಿಗೆ ತೂಕದ ಅರವತ್ತನೇ ಒಂದು ಭಾಗ ಸೇರಿಸಿ. ನಮ್ಮ ಏರು ಹದಿನೈದು ಡಿಗ್ರಿ ಎಂದುಕೊಂಡರೆ ಎರಡು ಸಾವಿರಕ್ಕೆ ಐನೂರು ಕೂಡಿ 2500 ಕೆ.ಜಿ. ನಮ್ಮ ಕೈಲಿದ್ದದ್ದು 2480. ಸೂತ್ರ ಅಂದಾಜಿನದು, ಇಷ್ಟು ಕರಾರುವಾಕ್ಕಾಗಿ ಕೂಡಿಬಂದದ್ದು ಕಾಕತಾಳೀಯ. ಆದರೂ ಆ ಸಂಜೆ ಬಚ್ಚಲೊಲೆಯ ಮುಂದೆ ಕೂತು ಲೆಕ್ಕ ಹಾಕಿದಾಗ ಗೆಳೆಯನ ಮುಖ ನೋಡಬೇಕಿತ್ತು.

ಕಪ್ಪಿ ಹಾಕಿದಾಗ ಎರಡು ಲಾಭ ಒಟ್ಟಿಗೆ ಆದವು. ರೋಪ್ ಎರಡು ಸಾಲಾಗಿ ಎಳೆಯಿತು, ಅದು ಒಂದು. ಹೋಗಿ ಬರಲು ಹನ್ನೆರಡು ಮೀಟರ್ ಬಿಚ್ಚಿದ್ದರಿಂದ ಡ್ರಮ್ ತೆಳ್ಳಗಾಗಿ ಮೂರನೆಯ ಪದರಕ್ಕೆ ಬಂತು, ಅದು ಇನ್ನೊಂದು. 2890ರ ಎರಡು ಪಟ್ಟು 5780. ಉಜ್ಜಾಟದಲ್ಲಿ ಒಂದಿಷ್ಟು ಹೋಗುತ್ತದೆ, ಹೋಗಲಿ. ಎಳೆತ ಮೊದಲಿನದಕ್ಕಿಂತ ಎರಡು ಪಟ್ಟು ಮೀರಿತು. ವೇಗ ಅರ್ಧವಾಗುತ್ತದೆ ನಿಜ. ಹೂತ ಗಾಡಿಗೆ ಏನು ಆತುರ? ಆದರೆ ಮರದ ಬುಡದ ಬೆಲ್ಟಿನ ಮೇಲೆ ಬೀಳುವ ಭಾರವೂ ರೋಪಿನ ಭಾರದ ಎರಡರಷ್ಟಾಗುತ್ತದೆ ಎಂಬುದನ್ನು ಮರೆಯಬಾರದು. ಬೆಲ್ಟ್, ಶ್ಯಾಕಲ್, ಕಪ್ಪಿ ಮೂರೂ ಅದಕ್ಕೆ ತಕ್ಕದ್ದಿರಬೇಕು, ಮರವೂ.

ಎಷ್ಟು ದೊಡ್ಡ ವಿಂಚ್ ಬೇಕು ಎಂದು ಕೇಳುವವರಿಗೆ ಜಗತ್ತಿನಾದ್ಯಂತ ಒಂದೇ ಉತ್ತರ: ಗಾಡಿಯ ಪೂರ್ಣ ತೂಕದ ಒಂದೂವರೆ ಪಟ್ಟು. ಪೂರ್ಣ ತೂಕ ಎಂದರೆ ಪುಸ್ತಕದಲ್ಲಿರುವ ಖಾಲಿ ಗಾಡಿಯ ತೂಕವಲ್ಲ. ಜನ, ಡೀಸೆಲ್, ಟೆಂಟು, ಅಕ್ಕಿ ಮೂಟೆ, ಮೇಲಿನ ಕ್ಯಾರಿಯರ್ ಎಲ್ಲ ಸೇರಿದ್ದು. ಅನುಮಾನವಿದ್ದರೆ ಹೆದ್ದಾರಿ ಬದಿಯ ವೇ ಬ್ರಿಜ್ ಮೇಲೆ ನಿಲ್ಲಿಸಿ ಚೀಟಿ ತೆಗೆದುಕೊಳ್ಳಿ. ಐದು ಬಾಗಿಲ ಜಿಮ್ನಿಯ ಪೂರ್ಣ ತೂಕ 1545 ಕೆ.ಜಿ. ಒಂದೂವರೆ ಪಟ್ಟು ಎಂದರೆ 2318 ಕೆ.ಜಿ., ಅಂದರೆ 5100 ಪೌಂಡಿನ ಹತ್ತಿರ. ಆರು ಸಾವಿರ ಪೌಂಡಿನದು ಸಾಕು. ಆದರೆ ಎಲ್ಲರೂ 9500 ಹಾಕಿಸುತ್ತಾರೆಂದು ಜಿಮ್ನಿಯವರೂ ಅದನ್ನೇ ಹಾಕಿಸಿಕೊಂಡು, ಮೂವತ್ತೈದು ನಲವತ್ತು ಕೆ.ಜಿ. ವಿಂಚನ್ನೂ ಅದರ ಮೇಲೆ ಕಬ್ಬಿಣದ ಬಂಪರನ್ನೂ ಮೂಗಿನ ತುದಿಗೆ ನೇತುಹಾಕುತ್ತಾರೆ. ಆಮೇಲೆ ಮುಂದಿನ ಸ್ಪ್ರಿಂಗ್ ಕುಸಿಯಿತು ಎಂದು ಗೊಣಗುತ್ತಾರೆ. ಹಗುರ ಗಾಡಿಯ ದೊಡ್ಡ ಗುಣವೇ ಅದು ಕಡಿಮೆ ಹೂಳುತ್ತದೆ ಎಂಬುದು. ಆ ಗುಣವನ್ನು ಕಳೆದುಕೊಂಡು, ಹೂತಾಗ ಬೇಕಾಗುವ ಯಂತ್ರ ಕೊಳ್ಳುವುದು ನನಗೆ ಅರ್ಥವಾಗದ ವ್ಯಾಪಾರ.

ಬಂಪರ್ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಗಾಡಿಯ ಮುಂದೆ ಹಾಕುವ ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂದಿತ್ತು. ಪಾದಚಾರಿಗೆ ಪೆಟ್ಟು ಜೋರಾಗುತ್ತದೆ, ಏರ್‌ಬ್ಯಾಗಿನ ಕೆಲಸಕ್ಕೆ ಅಡ್ಡಿಯಾಗಬಹುದು ಎಂಬುದು ಕಾರಣ. ಕಂಪನಿ ಬಂಪರಿನ ಹಿಂದೆ ಚಾಸಿಗೆ ತಟ್ಟೆ ಕೂರಿಸಿ ವಿಂಚನ್ನು ಒಳಗೆ ಅಡಗಿಸುವ ವಿಧಾನವಿದೆ. ಸಾಧ್ಯವಿದ್ದರೆ ಅದೇ ಮೇಲು. ಏನೇ ಮಾಡಿದರೂ ವಿಂಚ್ ಕೂರಬೇಕಾದ್ದು ಚಾಸಿಯ ಮೇಲೆ. ಬಂಪರಿನ ತಗಡಿಗೆ ಬೋಲ್ಟ್ ಹಾಕಿದರೆ ಒಂದು ದಿನ ಗಾಡಿ ಅಲ್ಲೇ ಇದ್ದು ಬಂಪರ್ ಮಾತ್ರ ಮರದ ಬಳಿ ಹೋಗುತ್ತದೆ.

ಯಾವ ಬಗೆಯ ಯಂತ್ರ ಎಂಬ ಚರ್ಚೆ ಈಗ ಹೆಚ್ಚಿಲ್ಲ. ಹಳೆಯ ಜೀಪು, ಲ್ಯಾಂಡ್ ರೋವರುಗಳಲ್ಲಿ ಎಂಜಿನ್ನಿನ ಶಕ್ತಿಯಿಂದಲೇ ತಿರುಗುವ ವಿಂಚುಗಳಿದ್ದವು. ಪವರ್ ಸ್ಟೀರಿಂಗ್ ಪಂಪಿನ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ವಿಂಚೂ ಉಂಟು. ಬಿಡುವಿಲ್ಲದೆ ದುಡಿಯಬಲ್ಲದು, ಆದರೆ ಎಂಜಿನ್ ನಿಂತರೆ ಅದೂ ನಿಂತಿತು. ಅಮೆರಿಕದ ವಾರ್ನ್ ಕಂಪನಿ 1959ರಲ್ಲಿ ಹವ್ಯಾಸಿಗಳ ಗಾಡಿಗೆಂದು ಬ್ಯಾಟರಿಯಿಂದ ನಡೆಯುವ ವಿಂಚ್ ತಂದ ಮೇಲೆ ಸಾಮಾನ್ಯ ಸವಾರರೆಲ್ಲ ಆ ಕಡೆಗೇ ವಾಲಿದರು.

ಬ್ಯಾಟರಿಯ ವಿಂಚಿಗೆ ಅದರದೇ ಮಿತಿ ಇದೆ. ಪೂರ್ತಿ ಭಾರ ಎಳೆಯುವಾಗ 9500 ಪೌಂಡಿನದು 400 ಆಂಪಿಯರ್ ಆಸುಪಾಸು ಕರೆಂಟ್ ಕುಡಿಯುತ್ತದೆ. ಗಾಡಿಯ ಆಲ್ಟರ್ನೇಟರ್ ಕೊಡುವುದು ಸಾಮಾನ್ಯವಾಗಿ ಅದರ ಮೂರರಲ್ಲಿ ಒಂದು ಪಾಲು. ಉಳಿದದ್ದು ಬ್ಯಾಟರಿಯಿಂದಲೇ ಬರಬೇಕು, ಹಾಗಾಗಿ ಹೆಡ್‌ಲೈಟ್ ಮಂಕಾಗುತ್ತದೆ. ಎಂಜಿನ್ ಚಾಲೂ ಇಟ್ಟು, ಒಂದು ನಿಮಿಷ ಎಳೆದು, ನಿಲ್ಲಿಸಿ, ಮೋಟರಿನ ಮೈ ಮುಟ್ಟಿ ನೋಡಿ ಮತ್ತೆ ಎಳೆಯುವುದು ಸರಿಯಾದ ಕ್ರಮ. ಭಾರ ಕಡಿಮೆಯಾದರೆ ಕರೆಂಟೂ ಕಡಿಮೆ, ಅಲ್ಲಿಯೂ ಕಪ್ಪಿಯದೇ ಉಪಕಾರ. ಮೋಟರುಗಳಲ್ಲಿ ಎರಡು ಜಾತಿ. ಒಳಗೆ ಕಾಂತ ಇರುವುದು ಕಡಿಮೆ ಕರೆಂಟಿನಲ್ಲಿ ನಡೆಯುತ್ತದೆ, ಆದರೆ ಬೇಗ ಬಿಸಿಯಾಗುತ್ತದೆ. ಸೀರೀಸ್ ವೈಂಡಿಂಗಿನದು ಕರೆಂಟ್ ಹೆಚ್ಚು ಕುಡಿದರೂ ದಮ್ಮು ಜಾಸ್ತಿ. ಕಾಡಿಗೆ ಹೋಗುವವರು ಎರಡನೆಯದನ್ನೇ ಕೇಳಬೇಕು. ಮಲೆನಾಡಿನಲ್ಲಿ ಮೋಟರಿಗಿಂತ ಮೊದಲು ಕೆಡುವುದು ಕರೆಂಟನ್ನು ಅತ್ತಿತ್ತ ತಿರುಗಿಸುವ ಸೊಲೆನಾಯ್ಡ್. ನೀರು ಹೋಗಿ ಒಳಗೆ ಹಸಿರು ಕಿಲುಬು ಕಟ್ಟುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ನಾಲ್ಕು ಮೀಟರ್ ರೋಪ್ ಬಿಚ್ಚಿ ಸುತ್ತಿದರೆ ಸಾಕು, ಕೆಟ್ಟಿದೆಯೋ ಇಲ್ಲವೋ ಮನೆಯಂಗಳದಲ್ಲೇ ಗೊತ್ತಾಗುತ್ತದೆ.

ಇನ್ನು ರೋಪಿನ ವಿಷಯ. ಇದರ ಬಗ್ಗೆ ಜಗಳವಾಡುವಷ್ಟು ಜನ ವಿಂಚಿನ ಬಗ್ಗೆ ಆಡುವುದಿಲ್ಲ.

ನಮ್ಮ ಹಿರಿಯರಿಗೆ ಹಗ್ಗದ ತಿಳಿವಳಿಕೆ ನಮಗಿಂತ ಚೆನ್ನಾಗಿತ್ತು. ಕರುವಿಗೆ ಕಣ್ಣಿ, ಎತ್ತಿಗೆ ಮೂಗುದಾರ, ಗಾಡಿಗೆ ಹೇರಿದ ಹುಲ್ಲು ಬಿಗಿಯಲು ಒಂದು, ತೇರು ಎಳೆಯಲು ಮಿಣಿ. ಕತ್ತಾಳೆಯ ನಾರಿನದು ಎಲ್ಲಿಗೆ, ತೆಂಗಿನ ನಾರಿನದು ಎಲ್ಲಿಗೆ, ನೀರಿಗೆ ಯಾವುದು ತಾಳುತ್ತದೆ ಎಂಬುದನ್ನು ಯಾರೂ ಯಾರಿಗೂ ಪಾಠ ಮಾಡುತ್ತಿರಲಿಲ್ಲ. ಬಾವಿಯ ಹಗ್ಗದಿಂದ ಕರು ಕಟ್ಟುವವನನ್ನು ನೋಡಿ ನಗುತ್ತಿದ್ದರು. ವಿಂಚಿನ ರೋಪಿನಲ್ಲೂ ಕೇಳಬೇಕಾದ್ದು ಅದೇ: ಏನು ಎಳೆಯಬೇಕು, ಎಲ್ಲಿ ಎಳೆಯಬೇಕು, ಎಳೆದ ಮೇಲೆ ನೀವು ಅದನ್ನು ನೋಡಿಕೊಳ್ಳುವವರೋ ಅಲ್ಲವೋ.

ಉಕ್ಕಿನ ರೋಪ್ ಎಂದರೆ ಸಾಮಾನ್ಯವಾಗಿ ಏಳು ಎಳೆ, ಒಂದೊಂದು ಎಳೆಯಲ್ಲಿ ಹತ್ತೊಂಬತ್ತು ತಂತಿ, ಮೇಲೆ ಸತುವಿನ ಲೇಪ. ಕಲ್ಲಿಗೆ ಉಜ್ಜಿದರೂ ಮುನಿಸಿಕೊಳ್ಳುವುದಿಲ್ಲ, ಬಿಸಿಲಿಗೆ ಕುಂದುವುದಿಲ್ಲ, ಡ್ರಮ್ ಬಿಸಿಯಾದರೂ ಚಿಂತೆಯಿಲ್ಲ. ಬೆಲೆಯೂ ಕಡಿಮೆ. ಆದರೆ 28 ಮೀಟರಿಗೆ ಎಂಟೊಂಬತ್ತು ಕೆ.ಜಿ. ತೂಗುತ್ತದೆ, ಜಾರುವ ಏರಿನಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಹತ್ತಿದವರಿಗೆ ಈ ತೂಕ ಏನೆಂದು ಗೊತ್ತು. ಒಮ್ಮೆ ಮುರುಟಿಕೊಂಡರೆ ಆ ಜಾಗ ಮತ್ತೆ ನೇರವಾಗುವುದಿಲ್ಲ, ಬಲವೂ ಅಲ್ಲಿಗೆ ಮುಗಿಯಿತು. ತಂತಿಗಳು ಒಂದೊಂದಾಗಿ ತುಂಡಾಗಿ ಮೀನಿನ ಗಾಳದ ಹಾಗೆ ಹೊರಗೆ ಚಾಚುತ್ತವೆ. ಆ ದಿನ ಗ್ಲೌಸ್ ಇಲ್ಲದೆ ರೋಪ್ ಸುತ್ತಿಸಲು ಹೋದ ನನ್ನ ಅಂಗೈಯಲ್ಲಿ ಎರಡು ತಂತಿ ಸೀಳಿದ ಗೆರೆ ಈಗಲೂ ಇದೆ. ಮಲ್ಪೆ ಬಂದರಿನಲ್ಲಿ ಟ್ರಾಲ್ ಬೋಟಿನವರಿಗೂ ವಿಂಚು, ವಯರ್ ರೋಪುಗಳ ಜೊತೆಗೇ ನಿತ್ಯದ ಬದುಕು. ತುಕ್ಕು ಎಂದರೆ ಏನೆಂದು ತಿಳಿಯಬೇಕಾದರೆ ಅವರನ್ನು ಕೇಳಬೇಕು.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಹೊಳೆದಿರುವುದಿಲ್ಲ. ಈ ವರ್ಗದ ಕೆಲವು ವಿಂಚುಗಳಲ್ಲಿ ಬರುವ 8 ಮಿ.ಮೀ. ಉಕ್ಕಿನ ರೋಪ್ ಹೊಸದಿರುವಾಗಲೇ ಹರಿಯುವುದು ನಾಲ್ಕೂವರೆ ಟನ್ ಹತ್ತಿರ. ಅದನ್ನು ಎಳೆಯುವ ವಿಂಚಿನ ಬಲ 4.3 ಟನ್. ಭಾರ ಎತ್ತುವ ಕ್ರೇನುಗಳ ರೋಪಿಗೆ ಐದು ಪಟ್ಟಿನ ಆಸುಪಾಸು ಅಂತರ ಇಡುವುದು ರೂಢಿ. ಇಲ್ಲಿ ಅಂತರ ಎಂಬುದೇ ಇಲ್ಲದಷ್ಟು. ಗಾಡಿಯ ವಿಂಚಿನಿಂದ ಯಾರನ್ನೂ, ಯಾವುದನ್ನೂ ಮೇಲೆತ್ತಬಾರದು ಎಂದು ಕಂಪನಿಗಳು ಕೆಂಪಕ್ಷರದಲ್ಲಿ ಬರೆಯುವುದು ಸುಮ್ಮನೆ ಅಲ್ಲ.

ಸಿಂಥೆಟಿಕ್ ರೋಪಿನ ಕಥೆ ಬೇರೆ. ನೈಲಾನ್ ಹಗ್ಗದಂತೆ ಕಾಣುತ್ತದೆ, ಆದರೆ ನೈಲಾನ್ ಅಲ್ಲ. ಅದು ಪಾಲಿಥೀನ್, ಹೌದು, ಹಾಲಿನ ಪ್ಯಾಕೆಟ್ಟಿನ ಬಂಧುವೇ. ವ್ಯತ್ಯಾಸ ಇರುವುದು ಅಣುಗಳ ಸರಪಳಿಯ ಉದ್ದದಲ್ಲಿ ಮತ್ತು ಅವು ಮಲಗಿರುವ ರೀತಿಯಲ್ಲಿ. ಪ್ಯಾಕೆಟ್ಟಿನಲ್ಲಿ ಸರಪಳಿಗಳು ಶ್ಯಾವಿಗೆಯಂತೆ ಗೋಜಲಾಗಿರುತ್ತವೆ. ನೆದರ್ಲೆಂಡ್ಸಿನ ಡಿಎಸ್ಎಂ ಕಂಪನಿಯಲ್ಲಿ ಪಾಲ್ ಸ್ಮಿತ್ ಮತ್ತು ಪೀಟ್ ಲೆಮ್‌ಸ್ಟ್ರಾ 1979ರ ಹೊತ್ತಿಗೆ, ಬಹಳ ಉದ್ದದ ಸರಪಳಿಯ ಪಾಲಿಥೀನನ್ನು ದ್ರಾವಕದಲ್ಲಿ ಕರಗಿಸಿ ಜೆಲ್ ಮಾಡಿ ನೂಲಾಗಿ ಎಳೆದು, ಸರಪಳಿಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಮಲಗುವಂತೆ ಮಾಡುವ ದಾರಿ ಕಂಡರು. 1990ರಲ್ಲಿ ಅದು ಡೈನೀಮಾ ಎಂಬ ಹೆಸರಿನಲ್ಲಿ ಕಾರ್ಖಾನೆಯಿಂದ ಹೊರಬಂತು. ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿನ ಹದಿನೈದು ಪಟ್ಟು ಬಲ ಎನ್ನುವುದು ತಯಾರಕರ ಮಾತು. ವಿಂಚಿನ ಮಟ್ಟಿಗೆ ಹೇಳುವುದಾದರೆ, 10 ಮಿ.ಮೀ.ನ ಒಳ್ಳೆಯ ಸಿಂಥೆಟಿಕ್ ರೋಪ್ ಎಂಟೊಂಬತ್ತು ಟನ್‌ವರೆಗೆ ತಾಳುತ್ತದೆ, 28 ಮೀಟರಿನ ತೂಕ ಒಂದೂವರೆ ಕೆ.ಜಿ. ಅಷ್ಟೇ. ನೀರಲ್ಲಿ ತೇಲುತ್ತದೆ. ಹಳ್ಳ ದಾಟಿ ಆಚೆ ದಡದ ಮರಕ್ಕೆ ಕಟ್ಟಬೇಕಾದವನಿಗೆ ಇದು ವರ.

ಹರಿದಾಗ ಏನಾಗುತ್ತದೆ ಎಂಬುದು ನಿಜವಾದ ಪ್ರಶ್ನೆ. ಬಿಗಿದ ಉಕ್ಕಿನ ರೋಪ್ ತುಂಡಾದರೆ ಅದರ ತೂಕವೆಲ್ಲ ಚಾಟಿಯಾಗಿ ಬೀಸುತ್ತದೆ. ಅದಕ್ಕೇ ರೋಪಿನ ನಡುವೆ ಒದ್ದೆ ಗೋಣಿಚೀಲವನ್ನೋ ದಪ್ಪ ಕಂಬಳಿಯನ್ನೋ ಹೊದಿಸುವುದು, ಬಾನೆಟ್ ಎತ್ತಿ ಗಾಜಿಗೆ ಮರೆ ಮಾಡುವುದು, ನೋಡಲು ಬಂದ ಮಕ್ಕಳನ್ನು ರೋಪಿನ ಉದ್ದಕ್ಕಿಂತ ದೂರ ಓಡಿಸುವುದು. ಸಿಂಥೆಟಿಕ್ ಹಗುರವಾದ್ದರಿಂದ ಬಹಳ ಮಟ್ಟಿಗೆ ಅಲ್ಲೇ ಬೀಳುತ್ತದೆ. ಆದರೆ "ಸಿಂಥೆಟಿಕ್ ಹರಿದರೆ ಏನೂ ಆಗಲ್ಲ ಬಿಡಿ" ಎನ್ನುವವರ ಪಕ್ಕ ನಾನು ನಿಲ್ಲುವುದಿಲ್ಲ. ಹರಿದದ್ದು ರೋಪ್ ಅಲ್ಲದೆ ಮರದ ಬೆಲ್ಟೋ ಗಾಡಿಯ ಕೊಂಡಿಯೋ ಆಗಿದ್ದರೆ, ರೋಪಿನ ತುದಿಯಲ್ಲಿರುವ ಎರಡು ಕೆ.ಜಿ. ಕೊಕ್ಕೆ ಕವಣೆಯ ಕಲ್ಲಿನಂತೆ ಬರುತ್ತದೆ. ಸಿಂಥೆಟಿಕ್ ಹಾಕಿಸಿಕೊಂಡವರು ತುದಿಯ ಕಬ್ಬಿಣವನ್ನೂ ಕಡಿಮೆ ಮಾಡಬೇಕು. ಅದೇ ನೂಲಿನಿಂದ ಹೆಣೆದ ಸಾಫ್ಟ್ ಶ್ಯಾಕಲ್ ಸಿಗುತ್ತದೆ, ಅಂಗೈಯಲ್ಲಿ ಮಡಚಿ ಜೇಬಿಗೆ ಹಾಕಬಹುದು.

ಗೆಳೆಯ ಆ ಮಳೆಗಾಲ ಮುಗಿದ ಮೇಲೆ ಉಕ್ಕಿನದನ್ನು ಬಿಚ್ಚಿ ಸಿಂಥೆಟಿಕ್ ಸುತ್ತಿಸಿದ. ಮುಂದಿನ ಮಳೆಗಾಲದೊಳಗೆ ಅದನ್ನು ಎರಡು ಸಲ ಹಾಳು ಮಾಡಿದ. ಎರಡೂ ತಪ್ಪು ಹೊಸಬರೆಲ್ಲ ಮಾಡುವಂಥವೇ ಆದ್ದರಿಂದ ಹೇಳುತ್ತೇನೆ.

ಮೊದಲನೆಯದು ಬಾಯಿಯದು. ರೋಪ್ ಹೊರಬರುವ ಜಾಗದಲ್ಲಿ ಉಕ್ಕಿಗೆ ನಾಲ್ಕು ಉರುಳೆಗಳ ರೋಲರ್ ಇರುತ್ತದೆ, ಸಿಂಥೆಟಿಕ್‌ಗೆ ಅಂಚು ದುಂಡಗಿರುವ ನುಣ್ಣನೆಯ ಅಲ್ಯುಮಿನಿಯಂ ಬಾಯಿ ಹಾಕುವುದು ವಾಡಿಕೆ. ರೋಪ್ ಬದಲಿಸಿದವನು ಬಾಯಿ ಬದಲಿಸಲಿಲ್ಲ. ಉಕ್ಕಿನ ತಂತಿಗಳು ಆ ಉರುಳೆಗಳ ಮೇಲೆ ಗೀರಿದ್ದ ಗೆರೆಗಳು ಈಳಿಗೆ ಮಣೆಯಂತೆ ಕಾದು ಕೂತಿದ್ದವು. ನಾಲ್ಕನೇ ಎಳೆತದ ಹೊತ್ತಿಗೆ ರೋಪಿನ ಮೈ ಹಳೇ ಟವೆಲಿನ ಹಾಗೆ ನವಿರೆದ್ದಿತ್ತು. ಹನ್ನೆರಡು ಎಳೆಯ ಹೆಣಿಗೆಯಲ್ಲಿ ಎರಡು ಎಳೆ ಪೂರ್ತಿ ತುಂಡು.

ಆದರೆ ಇಲ್ಲಿಯೇ ಸಿಂಥೆಟಿಕ್‌ನ ದೊಡ್ಡ ಗುಣ ಕಾಣುವುದು. ಕೆಟ್ಟ ಭಾಗ ಕತ್ತರಿಸಿ ತೆಗೆದು, ಒಂದರ ತುದಿಯನ್ನು ಇನ್ನೊಂದರ ಟೊಳ್ಳು ಹೊಟ್ಟೆಯೊಳಗೆ ಮುಕ್ಕಾಲು ಮೀಟರಿನಷ್ಟು ತೂರಿಸಿ, ಎರಡನೆಯದನ್ನು ಮೊದಲನೆಯದರೊಳಗೆ ಹಾಗೆಯೇ ತೂರಿಸಿದರೆ ಆಯಿತು. ಎಳೆದಷ್ಟೂ ಹೊರಗಿನ ಹೆಣಿಗೆ ಒಳಗಿನ ತುದಿಯನ್ನು ಅಮುಕಿ ಹಿಡಿಯುತ್ತದೆ. ಒಂದು ತೆಳ್ಳನೆಯ ಪೈಪಿನ ತುಂಡು, ಒಂದಿಷ್ಟು ಟೇಪು, ಹದಿನೈದು ನಿಮಿಷದ ತಾಳ್ಮೆ ಸಾಕು. ಗಂಟು ಮಾತ್ರ ಹಾಕಬಾರದು. ಈ ನೂಲು ಎಷ್ಟು ಜಾರುತ್ತದೆಂದರೆ ಗಂಟು ನಿಲ್ಲುವುದಿಲ್ಲ, ನಿಂತರೂ ಬಲ ಅರ್ಧಕ್ಕಿಳಿಯುತ್ತದೆ. ಜಡೆ ಹೆಣೆದು ಅಭ್ಯಾಸವಿದ್ದ ಗೆಳೆಯನ ಹೆಂಡತಿ ಈ ಕೆಲಸವನ್ನು ಅವನಿಗಿಂತ ಚೊಕ್ಕಟವಾಗಿ ಮಾಡಿ ಮುಗಿಸಿದಳು.

ಎರಡನೆಯ ತಪ್ಪು ಬಿಸಿಯದು. ಈಗಿನ ಹೆಚ್ಚಿನ ವಿಂಚುಗಳ ಬ್ರೇಕ್ ಡ್ರಮ್ಮಿನ ಹೊಟ್ಟೆಯೊಳಗೇ ಇರುತ್ತದೆ. ಭಾರ ತೂಗುತ್ತಿರುವಾಗ ಮೋಟರಿನಿಂದ ರೋಪ್ ಹೊರಬಿಡುತ್ತಾ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸಿದರೆ ಬ್ರೇಕ್ ಉಜ್ಜಿ ಉಜ್ಜಿ ಡ್ರಮ್ ಕಾಯುತ್ತದೆ. ಉಕ್ಕಿನ ರೋಪಿಗೆ ಅದು ಲೆಕ್ಕಕ್ಕಿಲ್ಲ. ಡೈನೀಮಾದಂಥ ನೂಲು ಕರಗುವುದು 145 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಬಲ ಕುಂದತೊಡಗುವುದು ಅದಕ್ಕಿಂತ ಬಹಳ ಮೊದಲು, 70 ದಾಟುತ್ತಿದ್ದಂತೆ. ಗೆಳೆಯ ಕಡಿದಾದ ದಾರಿಯಲ್ಲಿ ಗಾಡಿಯನ್ನು ವಿಂಚಿನಿಂದಲೇ ಹದಿನೈದು ಮೀಟರ್ ಇಳಿಸಿದ್ದ. ವಾರದ ಮೇಲೆ ಪೂರ್ತಿ ಬಿಚ್ಚಿ ನೋಡಿದರೆ ಒಳಗಿನ ಸುತ್ತುಗಳು ಗಾಜಿನಂತೆ ಹೊಳೆಯುತ್ತಿದ್ದವು. ಬೆರಳಲ್ಲಿ ಬಗ್ಗಿಸಿದರೆ ಒಣ ಬಿದಿರಿನಂತೆ ಬಿರುಸು. ಹೊರಗಿನಿಂದ ನೋಡಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಮೊದಲ ಪದರಕ್ಕೆ ಬಿಸಿ ತಡೆಯುವ ಕವಚ ಬರುತ್ತದೆ, ಬ್ರೇಕ್ ಡ್ರಮ್ಮಿನಾಚೆ ಇರುವ ವಿಂಚುಗಳೂ ಇವೆ. ಎಲ್ಲಕ್ಕಿಂತ ಅಗ್ಗದ ಉಪಾಯ ಎಂದರೆ ವಿಂಚಿನಿಂದ ಇಳಿಸುವ ಚಾಳಿ ಬಿಡುವುದು.

ಡ್ರಮ್ಮಿನ ಮೇಲೆ ಕೊನೆಗೆ ಎಷ್ಟು ಸುತ್ತು ಉಳಿಯಬೇಕು ಎಂಬುದೂ ರೋಪಿನ ಜಾತಿಯ ಮೇಲೆ ನಿಂತಿದೆ. ರೋಪಿನ ಬುಡವನ್ನು ಡ್ರಮ್ಮಿಗೆ ಹಿಡಿದಿರುವ ಸಣ್ಣ ಸ್ಕ್ರೂ ಭಾರ ತಡೆಯುವುದಕ್ಕಲ್ಲ. ತಡೆಯುವುದು ಸುತ್ತುಗಳ ಹಿಡಿತ. ಉಕ್ಕಿಗೆ ಐದು ಸುತ್ತು ಸಾಕು, ಜಾರುವ ಸಿಂಥೆಟಿಕ್‌ಗೆ ಹತ್ತು ಬೇಕು. ಆ ಹತ್ತನೇ ಸುತ್ತಿನ ಜಾಗದಲ್ಲಿ ಬಣ್ಣದಿಂದ ಒಂದು ಗುರುತು ಹಾಕಿಟ್ಟರೆ ಕತ್ತಲಲ್ಲೂ ಮೋಸವಾಗುವುದಿಲ್ಲ. ಹೊಸ ರೋಪನ್ನು, ಯಾವುದೇ ಇರಲಿ, ಸಣ್ಣ ಏರಿನಲ್ಲಿ ಗಾಡಿಯ ಭಾರ ಬಿಟ್ಟು ಬಿಗಿಯಾಗಿ ಸುತ್ತಿಸಬೇಕು. ಸಡಿಲ ಸುತ್ತಿದರೆ ಮೇಲಿನ ಪದರ ಕೆಳಗಿನದರ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ, ಬಿಡಿಸುವಷ್ಟರಲ್ಲಿ ಸಂಜೆಯಾಗುತ್ತದೆ.

ಕೆಸರು, ಮರಳಿನ ಕಣ ಹೆಣಿಗೆಯೊಳಗೆ ಸೇರಿದರೆ ಒಳಗಿನಿಂದಲೇ ನೂಲನ್ನು ಅರೆಯುತ್ತದೆ. ಆದ್ದರಿಂದ ಪ್ರತಿ ಸಲ ಬಿಚ್ಚಿ, ಬಕೆಟ್ ನೀರಲ್ಲಿ ಜಾಲಿಸಿ, ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ವರ್ಷಗಟ್ಟಲೆ ಒಡ್ಡಿದರೂ ಬಲ ಕುಂದುತ್ತದೆ, ವಿಂಚಿಗೊಂದು ಹೊದಿಕೆ ಬೇಕು. ಇದೆಲ್ಲ ಮಾಡುವ ಮನುಷ್ಯ ನೀವಲ್ಲ ಎಂದಾದರೆ ಅದನ್ನು ನಿಮಗೆ ನೀವೇ ಒಪ್ಪಿಕೊಂಡು ಉಕ್ಕಿನದನ್ನೇ ಇಟ್ಟುಕೊಳ್ಳಿ. ತೋಟದಲ್ಲಿ ದಿನವೂ ದಿಮ್ಮಿ ಎಳೆಯುವ, ಕಲ್ಲಿಗೆ ಉಜ್ಜುವ, ಯಾರ್‍ಯಾರೋ ಕೈ ಹಾಕುವ ಎಂಎಂ 540 ಜೀಪಿಗೆ ಉಕ್ಕೇ ಸರಿ. ಗ್ರೀಸ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಅದು ತೃಪ್ತ. ವಾರಾಂತ್ಯಕ್ಕೆ ಕಾಡುದಾರಿ ಹಿಡಿಯುವವರಿಗೆ, ಗಾಡಿಯ ಸುತ್ತ ಹೆಂಡತಿ ಮಕ್ಕಳು ನಿಂತಿರುತ್ತಾರೆ ಎನ್ನುವವರಿಗೆ, ನಾನು ಸಿಂಥೆಟಿಕ್ ಎಂದೇ ಹೇಳುತ್ತೇನೆ. 2014ರಿಂದ ಗೋವಾದ ಮಳೆಕಾಡಿನಲ್ಲಿ ನಡೆದುಬಂದಿರುವ ರೈನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗಳಲ್ಲಿ ಸಹಚಾಲಕ ರೋಪ್ ಹೊತ್ತು ಓಡುವುದನ್ನು ನೋಡಿದರೆ ಒಂದೂವರೆ ಕೆ.ಜಿ.ಗೂ ಒಂಬತ್ತು ಕೆ.ಜಿ.ಗೂ ಇರುವ ವ್ಯತ್ಯಾಸ ಮಾತಿಲ್ಲದೆ ತಿಳಿಯುತ್ತದೆ.

ವಿಂಚಿನ ರೋಪಿನಿಂದ ಇನ್ನೊಂದು ಗಾಡಿಗೆ ಕಟ್ಟಿ ಜಗ್ಗಿ ಎಳೆಸುವವರನ್ನೂ ಕಂಡಿದ್ದೇನೆ. ಅದಕ್ಕೆ ಬೇಕಾದ್ದು ಹಿಗ್ಗುವ ನೈಲಾನಿನ ರೋಪ್. ಡೈನೀಮಾ ಹಿಗ್ಗುವುದೇ ಇಲ್ಲ ಎನ್ನುವಷ್ಟು ಕಡಿಮೆ, ಉಕ್ಕೂ ಹಾಗೆಯೇ. ಓಡುವ ಗಾಡಿಯ ಜಗ್ಗು ನೇರ ಕೊಂಡಿಯ ಮೇಲೆ ಬೀಳುತ್ತದೆ. ಇನ್ನು, ಯಾವಾಗಲೂ ಎರಡು ಗಾಡಿಯಲ್ಲೇ ಹೋಗುವವರಿಗೆ ಒಂದು ನೈಲಾನ್ ರೋಪ್, ಎರಡು ಸಲಿಕೆ, ಟೈರಿನ ಗಾಳಿ ಇಳಿಸುವ ಬುದ್ಧಿ ಇದ್ದರೆ ವಿಂಚೇ ಬೇಕಿಲ್ಲ. ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ನೋಡಿ. ಅಂಥ ದಾರಿಯನ್ನು ದಿನವೂ ಏರಿಳಿಯುವ ಆ ಚಾಲಕರ ಧೈರ್ಯ, ಹಿಂದೆ ಇನ್ನೊಂದು ಜೀಪು ಬರುತ್ತಿದೆ ಎಂಬುದು.

ಗೆಳೆಯನ ಗಾಡಿಯಲ್ಲಿ ಈಗ ಮೂರನೆಯ ರೋಪಿದೆ, ಅಲ್ಯುಮಿನಿಯಂ ಬಾಯಿಯಿದೆ, ಅಗಲ ಬೆಲ್ಟುಗಳು ಎರಡಿವೆ. ಬಿಚ್ಚಿದ ಉಕ್ಕಿನ ರೋಪನ್ನು ರೈಟರು ಕೇಳಿ ತೆಗೆದುಕೊಂಡು ಹೋಗಿ ಲೈನ್ ಮನೆಗಳ ಮುಂದೆ ಬಟ್ಟೆ ಒಣಹಾಕಲು ಕಟ್ಟಿಸಿದ್ದಾರೆ, ಒಂಬತ್ತು ಮಿ.ಮೀ. ದಪ್ಪದ ಬಟ್ಟೆ ತಂತಿ ಇಡೀ ಸಕಲೇಶಪುರ ತಾಲ್ಲೂಕಿನಲ್ಲಿ ಇನ್ನೆಲ್ಲೂ ಇರಲಾರದು. ಸಿಂಥೆಟಿಕ್‌ಗೆ ಒಗ್ಗುವ ಹೊಸ ಕಪ್ಪಿಯನ್ನು ಗೆಳೆಯ ಇನ್ನೂ ಕೊಂಡಿಲ್ಲ. ಶೆಡ್ಡಿನ ಆ ಹಳೆಯ ಕಪ್ಪಿಯ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ ಸೀಟಿನ ಕೆಳಗೆ ಇಟ್ಟುಕೊಂಡಿದ್ದಾನೆ. ಸಿಕ್ಕಾಗಲೆಲ್ಲ ರೈಟರು ಕೇಳುತ್ತಾರೆ, "ಸಾರ್, ನಮ್ಮ ಕಪ್ಪಿ?"